ಎಂಬತ್ತನಾಲ್ಕು ಕುಣಿಕೆ

ಹೊಳೆ ತಿರುಗುವ ಕಡೆ ಒಂದು ಮಠವಿತ್ತು. ಮಠ ಎಂದರೆ ಎರಡು ಕೋಣೆ, ಒಂದು ಜಗುಲಿ, ಅಂಗಳದಲ್ಲಿ ಒಂದು ಬಿಲ್ವದ ಮರ. ಅಲ್ಲಿದ್ದ ಗುರುಗಳ ಹೆಸರು ಚರಲಿಂಗಯ್ಯ. ಸುತ್ತಲಿನವರಿಗೆಲ್ಲ ಅವರು ಅಜ್ಜಯ್ಯ.

ಶಿವನು ಕೆಲವರನ್ನು ದೊಡ್ಡ ಮಾತಾಡಲು ಕಳಿಸುತ್ತಾನೆ, ಕೆಲವರನ್ನು ಸಣ್ಣ ಮಾತಾಡಲು. ಅಜ್ಜಯ್ಯ ಸಣ್ಣ ಮಾತಿನವರು.

ಒಂದು ಬೆಳಗ್ಗೆ ಅವರ ಶಿಷ್ಯೆ ಸರ್ವಮಂಗಳೆ ಬಂದಳು. ನಮಸ್ಕಾರ ಮಾಡಿದಳು. ಚೀಲದಿಂದ ಎರಡು ಹೆಣಿಗೆ ಕಡ್ಡಿ ತೆಗೆದು ಗುರುಗಳ ಪಾದದ ಹತ್ತಿರ ಇಟ್ಟಳು.

ಅಜ್ಜಯ್ಯ ಕಡ್ಡಿ ನೋಡಿದರು. ಅವಳ ಮುಖ ನೋಡಿದರು.

“ನೂಲು ಮುಗೀತಾ ತಾಯಿ?”

“ನೂಲು ಬೇಕಾದಷ್ಟಿದೆ ಬುದ್ಧಿ. ಇನ್ನು ನಾನು ಹೆಣೆಯೋದಿಲ್ಲ.”

“ಹಾಗಾದರೆ ನಮ್ಮ ಕಮಂಡಲ ಈ ಚಳಿಗಾಲ ಬರಿಮೈಯಲ್ಲೇ ಇರಬೇಕು ಅನ್ನು.”

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಅಂದು ನಗಲಿಲ್ಲ.

ಅವಳಿಗೂ ಆ ಕಡ್ಡಿಗಳಿಗೂ ಇದ್ದ ನಂಟನ್ನು ಮೊದಲು ಹೇಳಬೇಕು.

ಒಂಬತ್ತು ವರ್ಷದ ಹಿಂದೆ ಸರ್ವಮಂಗಳೆ ಇದೇ ಜಗುಲಿಯ ಮೇಲೆ ಕೂತು ಒಂದು ದೂರು ಹೇಳಿಕೊಂಡಿದ್ದಳು.

“ಜಪಕ್ಕೆ ಕೂತರೆ ಮನಸ್ಸು ನಿಲ್ಲೋದಿಲ್ಲ ಬುದ್ಧಿ. ಹತ್ತು ಮಣಿ ತಿರುಗಿಸೋ ಹೊತ್ತಿಗೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ಯೋಚನೆ. ಇಪ್ಪತ್ತು ಮಣಿಗೆ ಎದ್ದು ಹೋಗಿ ರುಚಿ ನೋಡಿ ಬರ್ತೀನಿ.”

“ಉಪ್ಪು ಹಾಕಿರ್ತೀಯಾ?”

“ದಿನಾ ಹಾಕಿರ್ತೀನಿ.”

“ಮತ್ತೆ ಯಾವ ಹೊತ್ತಿಗೆ ನಿಲ್ಲುತ್ತೆ ಮನಸ್ಸು?”

ಅವಳು ನಾಚಿಕೊಂಡಳು. “ಸ್ವೆಟರ್ ಹೆಣೆಯೋವಾಗ.”

“ಹಾಗಾದರೆ ಜಪಮಾಲೆ ಇಲ್ಲೇ ಬಿಟ್ಟು ಹೋಗು,” ಎಂದರು ಅಜ್ಜಯ್ಯ. “ಒಂದು ಕುಣಿಕೆಗೆ ಒಂದು ಶಿವನಾಮ. ಆದರೆ ಒಂದು ಮಾತು. ಕುಣಿಕೆಗೆ ಏನು ಹೇಳ್ತೀಯೋ ಅದು ಅಲ್ಲೇ ಉಳಿಯುತ್ತೆ. ನೋಡಿಕೊಂಡು ಹೇಳು.”

ಅಷ್ಟೇ ಅವಳಿಗಾದ ಉಪದೇಶ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಮನೆಗೆ ಹೋದಳು.

ಅಂದಿನಿಂದ ಸರ್ವಮಂಗಳೆಯ ಮನೆಯಲ್ಲಿ ನಾಮವಿಲ್ಲದ ಉಣ್ಣೆ ಎಂದರೆ ಉಂಡೆಯಲ್ಲಿದ್ದ ಉಣ್ಣೆ ಮಾತ್ರ. ಗಂಡನಿಗೆ ಮೂರು ಸ್ವೆಟರ್ ಆಯಿತು. ಅವರ ಮಂಡಿನೋವಿಗೆ ಮಂಡಿಚೀಲವಾಯಿತು. ಬೀದಿಯ ಮಕ್ಕಳಿಗೆಲ್ಲ ಕಿವಿ ಮುಚ್ಚುವ ಟೋಪಿಯಾಯಿತು. ಆಮೇಲೆ ಫೋನಿಗೆ ಹೊದಿಕೆ, ಮಿಕ್ಸಿಗೆ ಹೊದಿಕೆ, ಕನ್ನಡಕಕ್ಕೆ ಚೀಲ. ಒಂದು ಶ್ರಾವಣದಲ್ಲಿ ಗ್ಯಾಸ್ ಸಿಲಿಂಡರಿಗೂ ನೀಲಿ ಬಣ್ಣದ ಅಂಗಿ ಬಂತು. ಗ್ಯಾಸ್ ತರುವವನು ಅದನ್ನು ಬಿಚ್ಚಲು ತಿಳಿಯದೆ ನಿಂತಿದ್ದನಂತೆ.

ಮಠಕ್ಕೂ ಬಂತು. ವಿಭೂತಿ ಗಟ್ಟಿಗೆ ಚೀಲ, ಕಮಂಡಲಕ್ಕೆ ವರ್ಷಕ್ಕೊಂದು ಕವಚ. ಪೂಜೆಯ ಗಂಟೆಗೂ ಒಂದು ಅಂಗಿ ಹೆಣೆದು ತಂದಳು. ಅದನ್ನು ತೊಡಿಸಿ ಬಾರಿಸಿದರೆ ಸದ್ದೇ ಇಲ್ಲ. ಅಜ್ಜಯ್ಯ ಮೂರು ದಿನ ಹಾಗೇ ಬಾರಿಸಿದರು. ನಾಲ್ಕನೇ ದಿನ ಅವಳೇ ನಾಚಿ ಬಿಚ್ಚಿಕೊಂಡು ಹೋದಳು.

“ಮೂರು ದಿನ ಶಿವ ಒಳ್ಳೆ ನಿದ್ದೆ ಮಾಡಿದ,” ಎಂದಿದ್ದರು ಅಜ್ಜಯ್ಯ.

ಅಂಥ ಸರ್ವಮಂಗಳೆ ಈಗ ಕಡ್ಡಿ ಒಪ್ಪಿಸಿ ತಲೆ ತಗ್ಗಿಸಿ ಕೂತಿದ್ದಳು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಮಾರ್ಗಶಿರ ಆಗ ತಾನೇ ಹುಟ್ಟಿತ್ತು.

“ಏನಾಯ್ತು ತಾಯಿ?”

“ನಾನು ಒಂದು ಮಗುವಿಗೆ ಕೇಡು ಮಾಡಿದೆ ಬುದ್ಧಿ.”

ಕೇಳುವವರು ಅವಸರ ಮಾಡದಿದ್ದರೆ ಹೇಳುವವರಿಗೆ ದಾರಿ ಸಿಗುತ್ತದೆ. ಅವಳಿಗೂ ಸಿಕ್ಕಿತು.

“ನಮ್ಮ ಓರಗಿತ್ತಿ ದಾಕ್ಷಾಯಣಕ್ಕ ಗೊತ್ತಲ್ಲ. ಅವಳ ಮಗಳ ಮಗು, ಇಂಚರ ಅಂತ. ಐದು ತಿಂಗಳು. ಮೊನ್ನೆ ಕಾರ್ತೀಕದಲ್ಲಿ ಹೆಸರಿಟ್ಟರು. ಅದಕ್ಕೆ ಅಂತಲೇ ನಾನು ಹಳದಿ ಉಣ್ಣೆಯಲ್ಲಿ ಸ್ವೆಟರ್ ಹೆಣೀತಿದ್ದೆ. ಮೈ ಮುಗಿದಿತ್ತು, ತೋಳು ಮುಗಿದಿತ್ತು. ಕುತ್ತಿಗೆ ಪಟ್ಟಿಯ ಕೊನೇ ಸಾಲಿನ ಕುಣಿಕೆ ಬಿಚ್ಚಿಕೊಳ್ಳದ ಹಾಗೆ ಬಾಯಿ ಮುಚ್ಚೋದು ಒಂದು ಬಾಕಿ.”

“ಎಲ್ಲಾ ನಾಮದ ಮೇಲೇ?”

“ಅಲ್ಲಿವರೆಗೆ ಎಲ್ಲಾ ನಾಮವೇ ಬುದ್ಧಿ. ತೊಟ್ಟಿಲ ಶಾಸ್ತ್ರದ ದಿನ ಹೆಂಗಸರೆಲ್ಲ ಕೂತಿದ್ವಿ. ನನ್ನ ಚೀಲದಲ್ಲಿ ಕಡ್ಡಿ ನೋಡಿ ಯಾರೋ, ಇಲ್ಲೂ ತಂದಿದ್ದೀಯೇನೇ ಅಂದರು. ಅದಕ್ಕೆ ಅಕ್ಕ ಅಂದಳು...”

ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

“ಅಕ್ಕ ಅಂದಳು, ತೊಟ್ಟಿಲು ತೂಗೋ ಕೆಲಸ ಸಿಗದ ಕೈ ಕಡ್ಡಿನಾದರೂ ಆಡಿಸಬೇಕಲ್ಲ, ಅಂತ.”

ಬಿಲ್ವದ ಮರದಿಂದ ಒಂದು ಎಲೆ ಬಿತ್ತು.

“ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ದೀಪ ಹಚ್ಚೋ ಮುಂಚೆ ಮನೆಗೆ ಬಂದು, ಹಿತ್ತಲ ಬಾಗಿಲಲ್ಲಿ ಕೂತು ಬಾಯಿ ಮುಚ್ಚೋಕೆ ತೊಡಗಿದೆ. ಕುತ್ತಿಗೆಗೆ ಎಂಬತ್ತನಾಲ್ಕು ಕುಣಿಕೆ. ಎಂಬತ್ತನಾಲ್ಕಕ್ಕೂ ಒಂದೇ ಮಾತು ಹೇಳಿದೆ.”

“ಏನು ಹೇಳಿದೆ?”

“ನಿನ್ನ ಮನೆ ತೊಟ್ಟಿಲೂ ಖಾಲಿಯಾಗಲಿ ಅಂತ.”

ಹೇಳಿದ ಮೇಲೆ ಅವಳು ಎರಡೂ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಳು, ಯಾರಾದರೂ ನೋಡುತ್ತಾರೇನೋ ಎಂಬಂತೆ.

“ಮಾರನೇ ದಿನ ಯಜಮಾನರ ಕೈಲಿ ಕಳಿಸಿದೆ. ಅಕ್ಕ ಫೋನ್ ಮಾಡಿದಳು. ತೊಡಿಸಿದ್ವಿ ಕಣೇ, ಮಗೂಗೆ ಬಹಳ ಒಪ್ಪಿತು ಅಂದಳು. ಅದಾಗಿ ಮೂರನೇ ದಿನಕ್ಕೆ ಜ್ವರ ಬುದ್ಧಿ. ಎದೆ ಕಟ್ಟಿಕೊಂಡು ಉಸಿರಿಗೆ ತಡಕಾಡ್ತಿತ್ತಂತೆ. ಎಂಟು ದಿನ ಆಸ್ಪತ್ರೆ. ನಾನು ಒಂದು ದಿನವೂ ನೋಡೋಕೆ ಹೋಗಲಿಲ್ಲ. ಹೇಗೆ ಹೋಗಲಿ? ಈಗ ಮನೆಗೆ ಕರೆತಂದಿದ್ದಾರೆ. ಬೆಚ್ಚಗಿಡಿ ಅಂದಿದ್ದಾರಂತೆ ಡಾಕ್ಟರು. ಬೆಚ್ಚಗಿಡೋಕೆ ಮತ್ತೆ ಅದನ್ನೇ ತೊಡಿಸ್ತಾರಲ್ಲ.”

“ಅದನ್ನೇ ಯಾಕೆ?”

“ಒಪ್ಪಿತು ಅಂದಳಲ್ಲ ಬುದ್ಧಿ.”

ಅಜ್ಜಯ್ಯ ಕಣ್ಣು ಮುಚ್ಚಿದರು, ತೆರೆದರು.

“ಕುಣಿಕೆಗೆ ಹೇಳಿದ್ದು ಅಲ್ಲೇ ಉಳಿಯುತ್ತೆ ಅಂತ ನೀವೇ ಹೇಳಿದ್ದು,” ಎಂದಳು ಸರ್ವಮಂಗಳೆ. ಆ ಮಾತಿನಲ್ಲಿ ದೂರಿರಲಿಲ್ಲ. ಮುಳುಗುವವರು ಬಂಡೆಗೆ ಕೈ ಚಾಚುವಂತೆ ಅವಳು ಆ ಮಾತನ್ನು ಹಿಡಿದಿದ್ದಳು. “ಎಷ್ಟೋ ದಿನದಿಂದ ನಾಮ ನಾಲಿಗೆಗೆ ಬರ್ತಿಲ್ಲ. ಶಿವ ಅನ್ನೋಕೆ ಬಾಯಿ ತೆಗೆದರೆ ತೊಟ್ಟಿಲು ಕಾಣುತ್ತೆ.”

“ಹೌದು, ನಾನೇ ಹೇಳಿದ್ದು,” ಎಂದರು ಅಜ್ಜಯ್ಯ. “ಹೋಗಿ ಆ ಸ್ವೆಟರ್ ತಗೊಂಡು ಬಾ.”

“ನಾನಾ?”

“ಹೆಣೆದವಳು ನೀನಲ್ವಾ?”

“ಏನಂತ ಕೇಳಲಿ ಬುದ್ಧಿ? ಕೊಟ್ಟದ್ದನ್ನ ವಾಪಸು ಕೇಳೋದು ಹೇಗೆ?”

“ಅಜ್ಜಯ್ಯ ಕೇಳಿದರು ಅನ್ನು.”

“ಮಗುವಿನ ಸ್ವೆಟರ್ ಅಜ್ಜಯ್ಯಂಗೆ ಯಾಕೆ ಅಂತಾರೆ.”

“ಈ ವಯಸ್ಸಿಗೆ ನಾವೂ ಹಲ್ಲಿಲ್ಲದವರೇ. ಒಪ್ಪೀತು ನಮಗೂ.”

ಅವಳು ಏಳಲಿಲ್ಲ. ಅಜ್ಜಯ್ಯನೇ ಎದ್ದರು. ಹೊಳೆಯ ಕಡೆ ಕೈ ತೋರಿಸಿ ಎಂದರು:

“ಬರೋ ದಾರಿಯಲ್ಲಿ ಸೇತುವೆ ಇದೆ. ಅಲ್ಲಿ ನಿಂತಾಗ ನಿನಗೊಂದು ಯೋಚನೆ ಬರುತ್ತೆ. ಎಸೆಯಬೇಡ. ಮೀನಿಗೆ ತೋಳಿಲ್ಲ.”

ಗುರುವಿನ ಮಾತು ಮೀರುವ ಧೈರ್ಯವೂ ಅವಳಿಗಿರಲಿಲ್ಲ, ಆ ಮನೆಯ ಮೆಟ್ಟಿಲು ಹತ್ತುವ ಧೈರ್ಯವೂ ಇರಲಿಲ್ಲ. ಎರಡು ಭಯಗಳಲ್ಲಿ ಯಾವುದು ಸಣ್ಣದೋ ಅದನ್ನು ಶಿವನೇ ಆರಿಸಿಕೊಟ್ಟ. ಅವಳು ನಡೆದಳು.

ದಾಕ್ಷಾಯಣಿ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಚಾಪೆಯ ಮೇಲೆ ಮಗು. ಯಾರದೋ ಹಳೆಯ ಶಾಲನ್ನು ಮೂರು ಸುತ್ತು ಸುತ್ತಿದ್ದರು. ಮುಖ ಮಾತ್ರ ಹೊರಗಿತ್ತು.

“ಬಾರೇ ಮಂಗಳಾ,” ಎಂದಳು ದಾಕ್ಷಾಯಣಿ. “ದಾರಿ ತಪ್ಪಿ ಬಂದೆಯೋ ಹೇಗೆ? ಆಸ್ಪತ್ರೆಗೆ ಊರಿಗೆ ಊರೇ ಬಂತು. ನೀನೊಬ್ಬಳು ಕಾಣಲಿಲ್ಲ.”

“ಮೈಗೆ ಹುಷಾರಿರಲಿಲ್ಲ ಅಕ್ಕ.”

“ಮೈಗೋ, ಮನಸ್ಸಿಗೋ?”

ದಾಕ್ಷಾಯಣಿ ಉತ್ತರಕ್ಕೆ ಕಾಯಲಿಲ್ಲ. ತಲೆ ಬಗ್ಗಿಸಿ ಇನ್ನೊಂದು ಕಾಯಿ ಸುಲಿದಳು. ಅದರಲ್ಲಿ ಹುಳವಿತ್ತು, ಪಕ್ಕಕ್ಕೆ ಎಸೆದಳು.

ಮಗು ಹೊಸ ಮುಖ ನೋಡಿ ಕಣ್ಣರಳಿಸಿತು. ಆಮೇಲೆ ಬಾಯಿ ತುಂಬ ನಕ್ಕಿತು. ಸರ್ವಮಂಗಳೆ ಎರಡು ಹೆಜ್ಜೆ ಹಿಂದೆ ಸರಿದಳು.

“ಎತ್ತಿಕೊಳ್ಳೇ. ಜ್ವರ ಬಿಟ್ಟು ನಾಲ್ಕು ದಿನ ಆಯ್ತು. ಈಗೇನೂ ಅಂಟೋದಿಲ್ಲ.”

“ಕೈ ತಣ್ಣಗಿದೆ ಅಕ್ಕ.”

ಸರ್ವಮಂಗಳೆ ಗೋಡೆ ಬದಿಗೆ ಕೂತು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

“ಅಕ್ಕ, ಆ ಹಳದಿ ಸ್ವೆಟರ್ ಒಂದ್ಸಲ ಬೇಕಿತ್ತು.”

ದಾಕ್ಷಾಯಣಿಯ ಕೈ ನಿಂತಿತು.

“ಸ್ವೆಟರಾ? ಈಗ್ಯಾಕೆ?”

“ಅಜ್ಜಯ್ಯ ತರೋಕೆ ಹೇಳಿದ್ರು.”

“ಮಠದಲ್ಲಿ ಮಗುವಿನ ಸ್ವೆಟರ್ ಇಟ್ಟುಕೊಂಡು ಏನು ಮಾಡ್ತಾರೆ?”

“ನೋಡಬೇಕಂತೆ.”

ದಾಕ್ಷಾಯಣಿ ಎದ್ದು ಒಳಗೆ ಹೋದಳು. ಬೀರು ತೆಗೆದ ಸದ್ದಾಯಿತು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಗಂಟಿತ್ತು. ಬಿಳಿ ಪಂಚೆಯ ತುಂಡಿನಲ್ಲಿ ಅಚ್ಚುಕಟ್ಟಾಗಿ ಕಟ್ಟಿದ್ದಳು.

“ಒಗೆದು ಎತ್ತಿಟ್ಟಿದ್ದೆ. ಜೋಪಾನವಾಗಿದೆ,” ಎಂದಳು, ಮುಖ ಬೇರೆ ಕಡೆ ತಿರುಗಿಸಿ.

ಸರ್ವಮಂಗಳೆ, ಇವಳಿಗೆ ಗೊತ್ತಾಗಿದೆ ಎಂದುಕೊಂಡಳು. ಗೊತ್ತಾಗಿರುವುದಕ್ಕೇ ಮುಖ ಕೊಟ್ಟು ಮಾತಾಡುತ್ತಿಲ್ಲ, ಗೊತ್ತಾಗಿರುವುದಕ್ಕೇ ಇದನ್ನು ಗಂಟು ಕಟ್ಟಿಟ್ಟಿದ್ದಾಳೆ. ಮಾಟದ ಗೊಂಬೆಯನ್ನು ಹಿಡಿದಂತೆ ಗಂಟನ್ನು ತುದಿ ಬೆರಳಲ್ಲಿ ಹಿಡಿದು ಹೊರಟಳು.

ಬಾಗಿಲು ದಾಟುವಾಗ ಹಿಂದಿನಿಂದ ದಾಕ್ಷಾಯಣಿ ಕರೆದಳು.

“ಮಂಗಳಾ.”

“ಏನಕ್ಕ?”

“ಏನಿಲ್ಲ, ಹೋಗು. ಬಿಸಿಲು ಏರ್ತಿದೆ.”

ಸೇತುವೆಯ ಮೇಲೆ ಅವಳು ನಿಂತಳು. ಅಜ್ಜಯ್ಯ ಹೇಳಿದ ಯೋಚನೆ ಬಂದೇ ಬಂತು. ಕೆಳಗೆ ನೀರು ತುಂಬಿ ಹರಿಯುತ್ತಿತ್ತು. ಗಂಟು ಹಿಡಿದ ಕೈ ಕಟಕಟೆಯ ಆಚೆಗೂ ಹೋಯಿತು. ಆಗ, ತೋಳಿಲ್ಲದ ಮೀನು ನೆನಪಾಗಿ, ಅಳುವಿನ ನಡುವೆ ಮೂಗಿನಲ್ಲಿ ಒಂದು ನಗು ಬಂದುಬಿಟ್ಟಿತು. ಕೈ ಹಿಂದಕ್ಕೆ ಎಳೆದುಕೊಂಡಳು.

ಮಠದಲ್ಲಿ ಅಜ್ಜಯ್ಯ ಜಗುಲಿಯ ಮೇಲೆ ಕೂತಿದ್ದರು. ಯಾವ ಭಕ್ತರೋ ತಂದ ತೆಂಗಿನಕಾಯಿಗಳು ಬುಟ್ಟಿಯಲ್ಲಿದ್ದವು.

“ಬಿಚ್ಚು,” ಎಂದರು.

“ನನ್ನ ಕೈಲಿ ಆಗೋಲ್ಲ ಬುದ್ಧಿ.”

“ನನಗೆ ಹೆಣಿಗೆ ತಿಳಿಯೋಲ್ಲ. ನಾನು ಬಿಚ್ಚಿದರೆ ಪಂಚೆಯನ್ನೇ ನೋಡ್ತಾ ಕೂತಿರ್ತೀನಿ.”

ಅವಳು ಗಂಟು ಬಿಚ್ಚಿದಳು. ಹಳದಿ ಸ್ವೆಟರ್ ಅಂಗೈಯಗಲ ಮಡಿಕೆಯಾಗಿ ಕೂತಿತ್ತು. ಮಡಿಕೆಯೊಳಗಿಂದ ಮೂರು ಲವಂಗ ಉರುಳಿದವು. ಉಣ್ಣೆಗೆ ಹುಳ ಬೀಳದಿರಲೆಂದು ಅವಳೇ ಇಟ್ಟ ಲವಂಗ. ಅವಳು ಅವನ್ನು ನೋಡಿದಳು. ಏನೋ ಒಂದು ಎಣಿಕೆಗೆ ಸಿಗದೆ ಜಾರಿತು.

“ಈಗ ನನಗೆ ತೋರಿಸು,” ಎಂದರು ಅಜ್ಜಯ್ಯ. “ಶಿವನಾಮ ಎಲ್ಲಿದೆ, ಶಾಪ ಎಲ್ಲಿದೆ?”

ಅವಳು ಬೆರಳನ್ನು ಕೆಳಗಿನ ಅಂಚಿನ ಮೇಲಿಟ್ಟಳು.

“ಇಲ್ಲಿಂದ ನಾಮ ಬುದ್ಧಿ. ಇದು ಬೆನ್ನು. ಇದು ಎದೆ. ಈ ತೋಳು ಹೆಣೆಯೋವಾಗ ಸೋಮವಾರ, ಉಪವಾಸ ಇದ್ದೆ. ನೋಡಿ, ಕುಣಿಕೆ ಎಷ್ಟು ಸಮನಾಗಿ ಕೂತಿವೆ. ಮಲ್ಲಿಗೆ ಮೊಗ್ಗಿನ ಹಾಗೆ.”

ಹೇಳುತ್ತ ಹೇಳುತ್ತ ಅವಳ ದನಿಗೆ ಸ್ವಲ್ಪ ಬಲ ಬಂತು. ಬೆರಳು ಮೇಲಕ್ಕೆ ಹೋಗುತ್ತಿತ್ತು. ಕುತ್ತಿಗೆಯ ಹತ್ತಿರ ನಿಂತಿತು.

“ಇಲ್ಲಿ.”

“ಹೇಗೆ ಗೊತ್ತಾಯ್ತು?”

“ಬೆರಳಿಗೇ ಗೊತ್ತಾಗುತ್ತೆ. ಮುಟ್ಟಿ ನೋಡಿ. ಎಷ್ಟು ಗಟ್ಟಿ ಇದೆ. ಕೋಪದಲ್ಲಿ ನೂಲು ಜಗ್ಗಿಬಿಟ್ಟಿದ್ದೀನಿ. ಒಂದೊಂದು ಕುಣಿಕೆಯೂ ಗಂಟಾಗಿದೆ.”

ಅಜ್ಜಯ್ಯ ಮುಟ್ಟಿ ನೋಡಿದರು. ತೋಳನ್ನು ಮುಟ್ಟಿದರು, ಮತ್ತೆ ಕುತ್ತಿಗೆಯನ್ನು ಮುಟ್ಟಿದರು.

“ಹೌದು. ಹಗ್ಗದ ಹಾಗಿದೆ.” ಆಮೇಲೆ ಕೇಳಿದರು, “ಮಗುವಿನ ತಲೆ ಎಷ್ಟಿರುತ್ತೆ ತಾಯಿ?”

“ಸುತ್ತಳತೆಯಾ ಬುದ್ಧಿ? ಹೆಣೆಯೋ ಮುಂಚೆ ಅಳೆದಿದ್ದೆ. ನನ್ನ ಕೈಯಲ್ಲಿ ಎರಡು ಗೇಣು, ಮೂರು ಬೆರಳು.”

ಅಜ್ಜಯ್ಯ ಬುಟ್ಟಿಯಿಂದ ಒಂದು ಕಾಯಿ ತೆಗೆದು ಕೊಟ್ಟರು.

“ಇದನ್ನ ಅಳೆ.”

ಅವಳಿಗೆ ಅರ್ಥವಾಗಲಿಲ್ಲ. ಆದರೂ ಅಳೆದಳು.

“ಸರಿಯಾಗಿ ಎರಡು ಗೇಣು.”

“ಅಂದರೆ ಮಗುವಿನ ತಲೆಗಿಂತ ಮೂರು ಬೆರಳು ಸಣ್ಣದು.”

“ಹೌದು ಬುದ್ಧಿ.”

“ತೊಡಿಸು.”

“ಏನನ್ನ?”

“ಸ್ವೆಟರ್ ತೊಡಿಸು ಕಾಯಿಗೆ. ಗಂಟೆಗೆ ತೊಡಿಸಿದವಳು ನೀನು. ಕಾಯಿ ಏನು ಪಾಪ ಮಾಡಿದೆ?”

ಸರ್ವಮಂಗಳೆ ಕಾಯಿಯ ಜುಟ್ಟು ಸವರಿ, ಕೆಳಗಿನ ಅಂಚಿನಿಂದ ಸ್ವೆಟರಿನೊಳಗೆ ತೂರಿಸಿದಳು. ಕಾಯಿ ಸಲೀಸಾಗಿ ಹೊಟ್ಟೆಯ ಭಾಗ ದಾಟಿತು, ಎದೆ ದಾಟಿತು. ಕುತ್ತಿಗೆಯಲ್ಲಿ ಜುಟ್ಟು ಹೊರಗೆ ಬಂತು.

ಅಲ್ಲಿಗೆ ನಿಂತಿತು.

ಅವಳು ಎಳೆದಳು. ಬರಲಿಲ್ಲ. ತಿರುಗಿಸಿ ಎಳೆದಳು. ಬರಲಿಲ್ಲ. ಎರಡೂ ಹೆಬ್ಬೆರಳು ಹಾಕಿ ಕುತ್ತಿಗೆಯನ್ನು ಹಿಗ್ಗಿಸಿದಳು. ಹಗ್ಗದಂಥ ಆ ಅಂಚು ಕೂದಲೆಳೆಯಷ್ಟೂ ಬಿಡಲಿಲ್ಲ. ಕಾಯಿಯ ಮೂರು ಕಣ್ಣು ಜುಟ್ಟಿನ ಸಂದಿಯಿಂದ ಅವಳನ್ನು ಇಣುಕಿ ನೋಡಿದವು.

“ಹೋಗ್ತಾ ಇಲ್ಲ ಬುದ್ಧಿ.”

“ಇನ್ನೊಂದು ಸಲ ನೋಡು.”

“ಇದು ಹೋಗೋದೇ ಇಲ್ಲ. ಕಾಯಿಗೇ ಆಗ್ತಿಲ್ಲ ಅಂದಮೇಲೆ...”

ಕೈಯಲ್ಲಿ ಕಾಯಿ ಹಿಡಿದುಕೊಂಡೇ ಅವಳು ಗುರುಗಳ ಮುಖ ನೋಡಿದಳು.

“ಮಗುವಿನ ತಲೆಗೆ ಹೋಗಿಯೇ ಇಲ್ಲ.”

ಸ್ವೆಟರಿನ ಕುತ್ತಿಗೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು.

“ಮಗು ಇದನ್ನ ತೊಟ್ಟೇ ಇಲ್ಲ ಬುದ್ಧಿ.”

ಅವಳು ನೆಲಕ್ಕೆ ಬಿದ್ದ ಲವಂಗ ಹೆಕ್ಕಿ ಮೂಸಿದಳು. ಸ್ವೆಟರನ್ನು ಮೂಸಿದಳು. ಸೋಪಿನ ವಾಸನೆ ಇಲ್ಲ. ಹಾಲಿನ ವಾಸನೆ ಇಲ್ಲ, ಮಗುವಿನ ವಾಸನೆ ಇಲ್ಲ. ತಾನು ಮಡಿಸಿ ಕಳಿಸಿದಂತೆಯೇ ಇತ್ತು, ತನ್ನ ಲವಂಗ ತನ್ನ ಮಡಿಕೆಯೊಳಗೆ.

“ಒಗೆದೂ ಇಲ್ಲ. ತೊಡಿಸೋಕೆ ನೋಡಿರ್ತಾರೆ. ಹೋಗಿಲ್ಲ. ಹಾಗೇ ಮಡಿಸಿ ಇಟ್ಟಿದ್ದಾರೆ.”

ಮೊದಲು ಅವಳ ಹೆಗಲು ಕೆಳಗಿಳಿಯಿತು. ಎಷ್ಟೋ ದಿನದಿಂದ ಕಿವಿಯವರೆಗೆ ಏರಿ ನಿಂತಿದ್ದ ಹೆಗಲು. ಆಮೇಲೆ ಕಣ್ಣಲ್ಲಿ ನೀರು ಬಂತು. ಬಿಕ್ಕಲಿಲ್ಲ, ಸದ್ದಿಲ್ಲ. ಒದ್ದೆ ಬಟ್ಟೆಯಿಂದ ನೀರು ತಾನಾಗಿ ಇಳಿಯುವಂತೆ ಇಳಿಯಿತು. ಸ್ವೆಟರ್ ತೊಟ್ಟ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಅತ್ತಳು, ನಕ್ಕಳು, ಮತ್ತೆ ಅತ್ತಳು. ಕರುಣಾಳು ಶಿವ ಯಾವ ಯಾವ ರೂಪದಲ್ಲಿ ಬಂದು ಕಾಯುತ್ತಾನೋ, ಬಲ್ಲವರಾರು?

ಅಜ್ಜಯ್ಯನಿಗೆ ಇದು ಮೊದಲೇ ಹೊಳೆದಿತ್ತೋ, ಕುತ್ತಿಗೆ ಮುಟ್ಟಿದಾಗ ಹೊಳೆಯಿತೋ, ಅವರು ಯಾರಿಗೂ ಹೇಳಲಿಲ್ಲ.

“ಕುಣಿಕೆಗೆ ಹೇಳಿದ್ದು ಅಲ್ಲೇ ಉಳಿಯುತ್ತೆ ಅಂದಿದ್ದೆ,” ಎಂದರು. “ಅಲ್ಲಿಂದ ಮುಂದಕ್ಕೆ ಹೋಗುತ್ತೆ ಅಂದಿದ್ದೆನಾ?”

“ಇಲ್ಲ ಬುದ್ಧಿ.”

“ನಿನ್ನ ಶಾಪ ಕುತ್ತಿಗೆ ದಾಟಿಲ್ಲ.”

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಏನೋ ನೆನಪಾದವಳಂತೆ ಕೇಳಿದಳು:

“ಹಾಗಾದರೆ ಅಕ್ಕ ಸುಳ್ಳು ಹೇಳಿದಳಾ? ತೊಡಿಸಿದ್ವಿ, ಬಹಳ ಒಪ್ಪಿತು ಅಂತ.”

“ಯಾಕೆ ಹೇಳಿರಬಹುದು?”

ಸರ್ವಮಂಗಳೆ ಯೋಚಿಸಿದಳು. ತಿರುಗಿಸಿದ ಮುಖ ಕಣ್ಣ ಮುಂದೆ ಬಂತು. ಬಾಗಿಲಲ್ಲಿ ಕರೆದು ಏನೂ ಹೇಳದೆ ಕಳಿಸಿದ್ದು ನೆನಪಾಯಿತು.

“ನನ್ನ ಮನಸ್ಸಿಗೆ ಬೇಜಾರಾಗಬಾರದು ಅಂತ,” ಎಂದಳು ಮೆಲ್ಲಗೆ. “ಒಂದು ಮಾತಲ್ಲಿ ನೋಯಿಸಿದ್ದಾಳೆ, ಇನ್ನೊಂದರಲ್ಲಿ ನೋಯಿಸಬಾರದು ಅಂತ. ಇಷ್ಟು ವರ್ಷ ಹೆಣೆದವಳು ಕುತ್ತಿಗೆ ಕೆಡಿಸಿದೆ ಅಂತ ನನಗೆ ಹೇಳೋಕೆ ಅವಳಿಗೆ ಬಾಯಿ ಬಂದಿಲ್ಲ.”

“ನೀನು ಅವಳಿಗೆ ತಗಲುವ ಮಾತು ಹೆಣೆದು ಕಳಿಸಿದೆ. ಅವಳು ನಿನಗೆ ತಗಲದ ಹಾಗೆ ಗಂಟು ಕಟ್ಟಿ ಇಟ್ಟಳು.”

ಹೊಳೆಯ ಮೇಲೆ ಬೆಳ್ಳಕ್ಕಿ ಸಾಲೊಂದು ಹಾರಿಹೋಯಿತು. ಇಬ್ಬರೂ ಅದು ಮರೆಯಾಗುವವರೆಗೆ ನೋಡಿದರು.

“ಆದರೂ ನಾನು ಅಂದದ್ದು ಅಂದದ್ದೇ ಅಲ್ವಾ ಬುದ್ಧಿ? ಮಗು ತೊಡಲಿ, ಬಿಡಲಿ. ನನ್ನ ಬಾಯಲ್ಲಿ ಬಂತಲ್ಲ.”

ಅಜ್ಜಯ್ಯ ಇಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

“ಹೌದು,” ಎಂದರು.

ಆ ಒಂದು ಮಾತಿನಿಂದ ಅವಳಿಗೆ ಆದ ಸಮಾಧಾನ ವಿಚಿತ್ರವಾದದ್ದು. ಇಲ್ಲ ಎಂದಿದ್ದರೆ ಅವಳು ನಂಬುತ್ತಿರಲಿಲ್ಲ.

“ಹಾಗಾದರೆ ಬಿಚ್ಚಿಬಿಡ್ತೀನಿ,” ಎಂದಳು. “ಕೊನೆಯಿಂದ ಹಿಡಿದು ಮೊದಲಿನವರೆಗೆ. ಎಲ್ಲಾ ಬಿಚ್ಚಿ ಹೊಸದಾಗಿ ಹೆಣೀತೀನಿ.”

“ಎಲ್ಲಾ ಕಡೆ ಶಾಪ ಇದೆಯಾ?”

“ಇಲ್ಲ. ಬಾಯಿ ಮುಚ್ಚಿದ ಒಂದು ಸಾಲು. ಮಿಕ್ಕಿದ್ದೆಲ್ಲ ನಾಮವೇ.”

“ಮತ್ತೆ ಶಿವನಾಮ ಯಾಕೆ ಬಿಚ್ತೀಯಾ ತಾಯಿ?”

ಅವಳು ಹೆಣಿಗೆ ಬಲ್ಲವಳು. ಬಾಯಿ ಮುಚ್ಚಿದ ಸಾಲೊಂದನ್ನೇ ಬಿಚ್ಚಿದರೆ ಕೆಳಗಿನ ಕುಣಿಕೆಗಳು ಬಾಯಿ ತೆರೆದು ಹಾಗೇ ಕಾಯುತ್ತವೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಯಾರಿಗಾದರೂ ಕಲಿಸುವಾಗ ತಾನೇ ಹೇಳಿದ ಮಾತು. ಭಯದಲ್ಲಿ ಅದು ಮರೆತೇ ಹೋಗಿತ್ತು.

“ಅಷ್ಟೇ ಸಾಕಾ?”

“ನನಗೆ ಹೆಣಿಗೆ ತಿಳಿಯೋಲ್ಲ. ಸಾಕಾಗುತ್ತಾ, ನೀನೇ ಹೇಳು.”

“ಸಾಕಾಗುತ್ತೆ ಬುದ್ಧಿ. ಒಂದು ಸಾಲು ಅಷ್ಟೇ.”

ಅವಳು ಕಾಯಿಯನ್ನು ಹೊರಗೆ ತೆಗೆದು ಕೂತಳು. ಒಳಗೆ ಸೇರಿಸಿದ್ದ ನೂಲಿನ ತುದಿಯನ್ನು ಉಗುರಿನಲ್ಲಿ ಹುಡುಕಿ ಎಳೆದಳು. ಗಟ್ಟಿಯಾಗಿತ್ತು, ಮೊದಲು ಬರಲಿಲ್ಲ. ಆಮೇಲೆ ಒಂದು ಕುಣಿಕೆ ಬಿಟ್ಟಿತು. ಬಿಟ್ಟ ಕುಣಿಕೆ ಕೆಳಕ್ಕೆ ಜಾರಲು ನೋಡಿತು. ಅವಳು ಅಭ್ಯಾಸದಿಂದ ಪಕ್ಕಕ್ಕೆ ಕೈ ಚಾಚಿದಳು. ಅಲ್ಲಿ ಕಡ್ಡಿ ಇರಲಿಲ್ಲ. ಬೆಳಗ್ಗೆ ಒಪ್ಪಿಸಿದ ಕಡ್ಡಿ ಅಜ್ಜಯ್ಯನ ಪಾದದ ಹತ್ತಿರವೇ ಇತ್ತು.

“ಕಡ್ಡಿ ಬೇಕು ಬುದ್ಧಿ.”

“ಅವು ನನ್ನವು. ಬೆಳಗ್ಗೆ ಯಾರೋ ಕೊಟ್ಟು ಹೋದರು.”

“ಕೊಡಿ ಬುದ್ಧಿ.”

“ಇನ್ನು ಹೆಣೆಯೋದಿಲ್ಲ ಅಂದಿದ್ದರು ಅವರು.”

“ಕುಣಿಕೆ ಜಾರ್ತಿದೆ ಬುದ್ಧಿ, ಬೇಗ ಕೊಡಿ.”

ಅಜ್ಜಯ್ಯ ಕಡ್ಡಿ ಎತ್ತಿ ಎರಡೂ ಕೈಯಲ್ಲಿ ಕೊಟ್ಟರು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಒಂದೊಂದಾಗಿ ಬಿಚ್ಚಿದಳು. ಬಿಚ್ಚಿದ್ದನ್ನು ಒಂದೊಂದಾಗಿ ಕಡ್ಡಿಗೆ ಏರಿಸಿದಳು. ಪ್ರತಿ ಕುಣಿಕೆ ಬಿಡುವಾಗಲೂ ಅಂದು ಹೇಳಿದ ಮಾತು ಒಮ್ಮೆ ಕಿವಿಯಲ್ಲಿ ಕೇಳುತ್ತಿತ್ತು, ಮತ್ತೆ ನೂಲಾಗಿ ಮಡಿಲಿಗೆ ಬೀಳುತ್ತಿತ್ತು. ಹೊತ್ತು ನೆತ್ತಿಗೆ ಬಂತು. ಎಂಬತ್ತನಾಲ್ಕು ಮುಗಿದಾಗ ಮಡಿಲಲ್ಲಿ ಒಂದು ಮುಷ್ಟಿ ಹಳದಿ ನೂಲು, ಕರುವಿನ ನೆತ್ತಿಯ ಕೂದಲಿನಂತೆ ಸುರುಳಿ ಸುರುಳಿ.

ಅಜ್ಜಯ್ಯ ಅದನ್ನು ಎತ್ತಿ ನೋಡಿದರು. ಎಳೆದರು, ನೇರವಾಯಿತು. ಬಿಟ್ಟರು, ಮತ್ತೆ ಸುರುಳಿಯಾಯಿತು.

“ಬಿಚ್ಚಿದೆಯಲ್ಲ. ಇನ್ನೂ ಯಾಕೆ ಹೀಗಿದೆ?”

“ಬಿಚ್ಚಿದ ನೂಲು ಹಾಗೇ ಬುದ್ಧಿ. ಬಿಗಿಯಾಗಿದ್ದ ನೆನಪು ತಕ್ಷಣ ಬಿಡೋದಿಲ್ಲ. ಅದರ ಮೇಲೆ ಕೋಪ ಮಾಡಿ ಎಳೆದರೆ ಸವೆಯುತ್ತೆ, ಅಷ್ಟೇ. ನೀರಲ್ಲಿ ನೆನೆಸಿ ನೆರಳಲ್ಲಿ ನೇತು ಹಾಕಿದರೆ ತಾನೇ ನೇರವಾಗುತ್ತೆ.”

ಅಜ್ಜಯ್ಯ ಅವಳನ್ನೇ ನೋಡುತ್ತಿದ್ದರು. ಅವಳು ತನ್ನ ಮಾತನ್ನು ತಾನೇ ಒಮ್ಮೆ ಕೇಳಿಸಿಕೊಂಡಳು. ಆಮೇಲೆ ಎದ್ದು ಹೊಳೆಗೆ ಇಳಿದಳು. ನೂಲನ್ನು ನೀರಿನಲ್ಲಿ ಹಿಡಿದು ಕೂತಳು. ತಣ್ಣನೆಯ ನೀರು ಬೆರಳ ಸಂದಿಯಲ್ಲಿ ಹರಿದು ಹೋಯಿತು.

ಅಂದು ಮಠದಲ್ಲಿ ಅನ್ನ, ಅವರೆಕಾಳಿನ ಸಾರು. ಸರ್ವಮಂಗಳೆ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

“ಉಪ್ಪು ಸರಿ ಇದೆಯಾ?” ಎಂದು ಅಜ್ಜಯ್ಯ ಕೇಳಿದರು.

“ಜಾಸ್ತಿಯಾಗಿದೆ ಬುದ್ಧಿ.”

“ಜಪದ ನಡುವೆ ಎದ್ದು ಹೋಗಿ ನೋಡೋರು ಇಲ್ಲಿ ಯಾರಿದ್ದಾರೆ?”

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

ಬಿಸಿಲು ಇಳಿಯುವ ಹೊತ್ತಿಗೆ ಬಿಲ್ವದ ಕೊಂಬೆಯ ಮೇಲಿದ್ದ ನೂಲು ಒಣಗಿತ್ತು, ನೇರವಾಗಿತ್ತು. ಅವಳು ಜಗುಲಿಯ ಮೇಲೆ ಕಾಲು ಮಡಿಸಿ ಕೂತು, ಕಡ್ಡಿ ಹಿಡಿದು, ಒಂದು ಕುಣಿಕೆಯನ್ನು ಇನ್ನೊಂದರ ಮೇಲಿಂದ ಮೆಲ್ಲಗೆ ಹಾಯಿಸಿದಳು. ತುಟಿ ಅಲುಗಿತು. ಶಿವ ಎಂದಿತು. ಎಷ್ಟೋ ದಿನದ ಮೇಲೆ 'ಶಿವ' ಎಂದರೆ ಶಿವನೇ ಕಂಡ.

ಇಪ್ಪತ್ತು ಕುಣಿಕೆಯಾದ ಮೇಲೆ ಅವಳು ತಲೆ ಎತ್ತಿದಳು.

“ನಾಮದ ನಡುವೆ ಅಕ್ಕನ ನೆನಪು ಬರ್ತಿದೆ ಬುದ್ಧಿ.”

“ಕೋಪ ಬರ್ತಿದೆಯಾ?”

“ಸ್ವಲ್ಪ. ಕೋಪದ ಜೊತೆಗೆ, ಅವಳು ಬೀರುವಿನ ಮುಂದೆ ಅಷ್ಟು ಹೊತ್ತು ನಿಂತದ್ದೂ ನೆನಪಾಗುತ್ತೆ.”

“ಕೈ ಬಿಗೀತಾ ಇದೆಯಾ ನೋಡು.”

ಅವಳು ನೋಡಿಕೊಂಡಳು. “ಇಲ್ಲ.”

“ಹಾಗಾದರೆ ಬರಲಿ.”

ಅವಳು ಮತ್ತೆ ತಲೆ ಬಗ್ಗಿಸಿದಳು. ನಲವತ್ತಾಯಿತು. ಅರವತ್ತಾಯಿತು. ಕುತ್ತಿಗೆಯ ಅಂಚು ಹೊಳೆಯ ದಡದ ನೊರೆಯಂತೆ ಮೆತ್ತಗೆ ಕೂತಿತು. ಕೊನೆಯ ನಾಲ್ಕು ಕುಣಿಕೆ ಉಳಿದಾಗ ಅವಳು ನಿಲ್ಲಿಸಿ, ಕಡ್ಡಿ ಜಾರದಂತೆ ಹಿಡಿದು, ಕಾಯಿಯನ್ನು ಒಳಗೆ ಬಿಟ್ಟು ನೋಡಿದಳು. ಅದು ಎಲ್ಲೂ ತಡೆಯದೆ ಕುತ್ತಿಗೆಯಿಂದ ಹೊರಗೆ ಬಂದು, ಜುಟ್ಟು ಅಲ್ಲಾಡಿಸುತ್ತ ಅವಳ ಮಡಿಲಿಗೆ ಉರುಳಿತು.

ಮಗು ನಕ್ಕದ್ದು ನೆನಪಾಗಿ ಅವಳ ಮುಖ ಅರಳಿತು.

“ಸಂಜೆಯೊಳಗೆ ನಾನೇ ತಗೊಂಡು ಹೋಗಿ ತೊಡಿಸ್ತೀನಿ ಬುದ್ಧಿ. ಅಕ್ಕನ ಮುಂದೆ ಕೂತು, ಆ ಸಂಜೆ ನಾನು ಅಂದದ್ದನ್ನೂ ಹೇಳಿಬಿಡ್ತೀನಿ. ಬೈದರೆ ಬೈಸಿಕೊಳ್ತೀನಿ.” ಸ್ವೆಟರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತೋರಿಸಿದಳು. “ಇಷ್ಟು ಸಡಿಲ ಸಾಕಲ್ವಾ?”

ಅಜ್ಜಯ್ಯ ಸ್ವೆಟರ್ ನೋಡಿದರು, ಕಾಯಿ ನೋಡಿದರು, ಅವಳನ್ನು ನೋಡಿದರು.

“ಮಗು ಬೆಳೀತಾ ಹೋಗುತ್ತೆ ತಾಯಿ. ಇನ್ನೂ ಸ್ವಲ್ಪ ಬಿಡು.”